ಎರಡು ಕೋಟಿಯ ಮಂಡಿ

ಗದ್ದೆ ಕೊಯ್ಲು ಮುಗಿಯಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹೊನಲು ಬೆಳಕಿನ ಕಬಡ್ಡಿ ಶುರು. ಗೆದ್ದವರಿಗೆ ಟ್ರೋಫಿ, ಒಂದಿಷ್ಟು ನಗದು. ಹಂಚಿಕೊಂಡರೆ ಬಸ್ ಚಾರ್ಜಿಗೆ ಸರಿ. ಅದೇ ಆಟಕ್ಕೆ ಕೋಟಿ ಸುರಿಯುವುದನ್ನು ಟಿವಿಯಲ್ಲಿ ಕಂಡ ಮಗ, ‘ಅಪ್ಪಯ್ಯ, ನಾನು ಕಾಲೇಜು ಬಿಡ್ತೇನೆ’ ಎಂದರೆ?

ಹುಡುಗನ ಲೆಕ್ಕ ಸುಳ್ಳಲ್ಲ. 2014ರ ಮೊದಲ ಪ್ರೊ ಕಬಡ್ಡಿ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಸಿಕ್ಕಿದ್ದು ರಾಕೇಶ್ ಕುಮಾರ್‌ಗೆ, 12.80 ಲಕ್ಷ ರೂಪಾಯಿ. 2022ರಲ್ಲಿ ತಮಿಳ್ ತಲೈವಾಸ್ ಪವನ್ ಸೆಹ್ರಾವತ್‌ಗೆ ಕೊಟ್ಟದ್ದು 2.26 ಕೋಟಿ. ಆಟ ಅದೇ, ನೋಡುವವರು ಹೆಚ್ಚಿದರು. 40 ನಿಮಿಷದ ಪಂದ್ಯ, 30 ಸೆಕೆಂಡಿನ ರೈಡ್ ಟಿವಿಗೆ ಹೇಳಿ ಮಾಡಿಸಿದಂತಿತ್ತು. ಜನ ನೋಡಿದಲ್ಲಿ ಜಾಹೀರಾತು, ಜಾಹೀರಾತು ಬಂದಲ್ಲಿ ದುಡ್ಡು.

ಉಳಿದರ್ಧ ಕಥೆಯನ್ನೂ ಕೇಳಿ. ಆ ಸಲದ ಮೊದಲ ಪಂದ್ಯದಲ್ಲೇ ಪವನ್ ಮಂಡಿಗೆ ಪೆಟ್ಟಾಗಿ ಇಡೀ ಟೂರ್ನಿ ತಪ್ಪಿತು. 2023ರಲ್ಲಿ ತೆಲುಗು ಟೈಟನ್ಸ್ ಅವರನ್ನು 2.605 ಕೋಟಿಗೆ ಕೊಂಡಿತು, ನಿಜ. 2019ರ ಜನವರಿಯ ಫೈನಲ್‌ನಲ್ಲಿ 22 ಪಾಯಿಂಟ್ ತಂದು ಬೆಂಗಳೂರು ಬುಲ್ಸ್‌ಗೆ ಕಪ್ ಗೆಲ್ಲಿಸಿಕೊಟ್ಟವರಿಗೆ ಕಾಯುವವರಿದ್ದರು. ಹೆಸರು ಮಾಡದ ಹುಡುಗನ ಮಂಡಿ ವಾಸಿಯಾಗಲೆಂದು ಯಾರು ಕಾಯುತ್ತಾರೆ?

ಹಾಗೆಂದು ಮಗನ ಚಡ್ಡಿ ಬನಿಯನ್ ಅಡಗಿಸಿಡಬೇಡಿ, ತಾಯಂದಿರೇ. ಆಡಲಿ. ಚೆನ್ನಾಗಿ ಆಡಿದರೆ ಕ್ರೀಡಾ ಕೋಟಾದಲ್ಲಿ ಸೀಟಿಗೂ ರೈಲ್ವೆ ಕೆಲಸಕ್ಕೂ ದಾರಿಯುಂಟು. ಅಲ್ಲಿಯೂ ಅಂಕಪಟ್ಟಿ ಕೇಳುತ್ತಾರೆ. ಹುಡುಗರೇ, ತೊಡೆ ತಟ್ಟಿಯೇ ಹೋಗಿ. ಆದರೆ ಒಳ್ಳೆಯ ರೈಡರ್ ನಡುಗೆರೆಗೆ ಮರಳುವ ದಾರಿಯನ್ನು ಎಂದೂ ಮರೆಯುವುದಿಲ್ಲ.