ಮನೆಯಲ್ಲಿ ಹುರಿದ ಕಾಫಿ

ಗ್ರಂಥಗಳನ್ನೂ ಆಚಾರ ವಿಚಾರಗಳನ್ನೂ ಕುರಿತು ಬರೆಯುತ್ತ ಬಂದಿರುವ ಈ ಅಂಕಣದಲ್ಲಿ ಈ ತಿಂಗಳು ಕಾಫಿಯ ಮಾತೇ ಎಂದು ಓದುಗ ಬಂಧುಗಳು ಆಶ್ಚರ್ಯಪಡಬಹುದು. ಅದಕ್ಕೆ ಕಾರಣವುಂಟು. ಸಕಲೇಶಪುರದ ಕಡೆಯ ಭಕ್ತರೊಬ್ಬರು ನಮ್ಮಿಂದ ಮಾತು ತೆಗೆದುಕೊಂಡಿದ್ದಾರೆ. ಕೊಟ್ಟ ಮಾತನ್ನು ನಡೆಸದೆ ಬೇರೆ ವಿಷಯಕ್ಕೆ ಕೈಹಾಕುವುದು ನಮಗೆ ಸರಿಕಾಣಲಿಲ್ಲ.

ಕಳೆದ ಪುಷ್ಯಮಾಸದಲ್ಲಿ ಆ ಭಕ್ತರ ತಂದೆಯವರ ಪುಣ್ಯಸ್ಮರಣೆಗೆಂದು ನಾವು ಅವರ ಮನೆಗೆ ಹೋಗಿದ್ದೆವು. ಅರೇಬಿಕಾ ಕೊಯ್ಲು ಮುಗಿಯುತ್ತ ಬಂದಿದ್ದ ಕಾಲ. ಮನೆಯ ಮುಂದಣ ಕಣದ ತುಂಬ ಪಾರ್ಚ್‌ಮೆಂಟ್ ಹರಡಿತ್ತು. ಆಳುಗಳು ಅದನ್ನು ಗಳಿಗೆಗೊಮ್ಮೆ ಕೆದಕಿ ಬಿಸಿಲಿಗೆ ಒಡ್ಡುತ್ತಿದ್ದರು. ಕೈಕಾಲು ತೊಳೆದು ಜಗಲಿಯಲ್ಲಿ ಕುಳಿತೊಡನೆ ಲೋಟದಲ್ಲಿ ಕಾಫಿ ಬಂದಿತು. ಬಾಯಿಗಿಡುವ ಮೊದಲೇ ಒಂದು ವಿಚಿತ್ರ ಪರಿಮಳ ಮೂಗಿಗೆ ಬಡಿಯಿತು. ಮಿಠಾಯಿ ಅಂಗಡಿಯ ಮುಂದೆ ನಿಂತಂತಹ ಪರಿಮಳ. ಕೇಳಲಾಗಿ, ಬೆಂಗಳೂರಿನಲ್ಲಿರುವ ಮೊಮ್ಮಗ ತಂದಿಟ್ಟ ಹೇಜಲ್‌ನಟ್ ಪರಿಮಳದ ಕಾಫಿಪುಡಿ ಅದೆಂದು ತಿಳಿಯಿತು. ಅತಿಥಿಗಳಿಗೆ ಒಳ್ಳೆಯದನ್ನು ಕೊಡಬೇಕೆಂಬ ಸದ್ಭಾವದಿಂದಲೇ ಅದನ್ನು ಬಳಸಿದ್ದರು.

ಜಗಲಿಯ ಮೂಲೆಯಲ್ಲಿ ಭಕ್ತರ ತಾಯಿಯವರು ಕುಳಿತಿದ್ದರು. ಎಂಬತ್ತೈದು ದಾಟಿದ ವಯಸ್ಸು, ಕಣ್ಣು ಬಹುಮಟ್ಟಿಗೆ ಮಂಜಾಗಿದೆ. ಅವರಿಗೂ ಒಂದು ಲೋಟ ಕೊಟ್ಟರು. ಅವರು ಮೂಸಿ ನೋಡಿ, ಲೋಟವನ್ನು ಕೆಳಗಿಟ್ಟು, “ಇದ್ರಲ್ಲಿ ಕಾಫಿ ಎಲ್ಲಿದೆ ಮಗಾ?” ಎಂದರು.

ಮಗ ನಕ್ಕು ನಮ್ಮ ಕಡೆ ತಿರುಗಿ, “ಅಮ್ಮ ಹೀಗೇ ಶಾಸ್ತ್ರಿಗಳೇ, ಯಾವ ಕಾಫೀನೂ ಅವರಿಗೆ ಸೇರೋದಿಲ್ಲ” ಎಂದರು.

“ನಾನು ಹುರಿಯೋದು ಬಿಟ್ಟ ಮೇಲೆ ಈ ಮನೇಲಿ ಯಾರೂ ಕಾಫಿ ಕುಡಿದಿಲ್ಲ, ಶಾಸ್ತ್ರಿಗಳೇ” ಎಂದು ಆ ತಾಯಿ ಹೇಳಿದಾಗ ಮನೆಯವರೆಲ್ಲ ನಕ್ಕರು. ನಮಗೆ ಮಾತ್ರ ನಗು ಬರಲಿಲ್ಲ. ಕಣದಲ್ಲಿ ಕ್ವಿಂಟಾಲುಗಟ್ಟಲೆ ಕಾಫಿ ಒಣಗುತ್ತಿದೆ. ಬೆಳೆದವರ ಮನೆಯ ಲೋಟದಲ್ಲಿ ಅದರ ಒಂದು ಕಾಳೂ ಇಲ್ಲ.

ಹಿಂದೆ ಹೀಗಿರಲಿಲ್ಲ. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರನು ತನ್ನ ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಮನೆಬಳಕೆಗೂ ಬಿತ್ತನೆಗೂ ಬೇಕಾದಷ್ಟನ್ನು ಮಾತ್ರ ಉಳಿಸಿಕೊಳ್ಳಬಹುದಾಗಿತ್ತು. ಅಂತಹ ಕಟ್ಟುನಿಟ್ಟಿನ ದಿನಗಳಲ್ಲಿಯೂ ಮನೆಗೆಂದು ಒಂದು ಮೂಟೆ ಅಟ್ಟ ಸೇರುತ್ತಿತ್ತು. ಆ ವ್ಯವಸ್ಥೆ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಬೆಳೆಗಾರರೆಲ್ಲರಿಗೂ ಪೂರ್ಣ ಮಾರಾಟ ಸ್ವಾತಂತ್ರ್ಯ ದೊರೆಯಿತು. ಆ ಬಳಿಕ ಲಾರಿ ಬಾಗಿಲಿಗೇ ಬಂದು ನಿಲ್ಲುತ್ತದೆ, ತೂಕವಾಗುತ್ತದೆ, ಹಣ ಕೈಗೆ ಬರುತ್ತದೆ. ಮನೆಯ ಮೂಟೆ ಮಾತ್ರ ಮಾಯವಾಯಿತು. ಯಾರನ್ನೂ ದೂರುವ ಮಾತಲ್ಲ ಇದು. ಪೊಟ್ಟಣದ ಪುಡಿ ಸುಲಭ, ಬೀಜ ಹುರಿಯುವುದು ಶ್ರಮ.

ಹುರಿದ ಕಾಫಿಯೆಂದರೆ ನಮಗೆ ಮಠದ ದಿನಗಳ ನೆನಪು. 1970ರ ದಶಕದ ಆರಂಭದಲ್ಲಿ ನಾವು ಮಠದ ಪಾಠಶಾಲೆಯ ವಿದ್ಯಾರ್ಥಿಗಳಾಗಿದ್ದಾಗ ನಮಗೆ ಬೆಳಿಗ್ಗೆ ಸಿಗುತ್ತಿದ್ದುದು ಗಂಜಿ. ಕಾಫಿ ಬಂದ ಅತಿಥಿಗಳಿಗೆ ಮಾತ್ರ. ಆದರೆ ಹಿಡಿಕೆಯಿದ್ದ ಕಬ್ಬಿಣದ ಉರುಳೆಯಲ್ಲಿ ಬೀಜ ತುಂಬಿ ಕೆಂಡದ ಮೇಲೆ ತಿರುಗಿಸುವ ಕೆಲಸ ಸರದಿಯಂತೆ ಹುಡುಗರ ಪಾಲಿಗೆ ಬರುತ್ತಿತ್ತು. ಅಮರಕೋಶದ ಶ್ಲೋಕಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ತಿರುಗಿಸುತ್ತಿದ್ದೆವು. ಯಾವಾಗ ಇಳಿಸಬೇಕೆಂಬುದನ್ನು ಅಡುಗೆಯವರು ಹೇಳುತ್ತಿದ್ದರು. ನಮಗದು ತಿಳಿದಿರಲಿಲ್ಲ, ತಿಳಿದುಕೊಳ್ಳುವ ಆಸಕ್ತಿಯೂ ಇರಲಿಲ್ಲ.

ಆ ರಾತ್ರಿ ಉಪನ್ಯಾಸವಾದ ಮೇಲೆ ಭಕ್ತರು, “ಅಮ್ಮನಿಗೆ ಗೊತ್ತಿರೋದು ಅಮ್ಮನ ಜೊತೆಗೇ ಹೋಗುತ್ತೆ ಶಾಸ್ತ್ರಿಗಳೇ. ನಾಳೆ ಅವರ ಕೈಲಿ ಒಂದು ಸಲ ಹುರಿಸೋಣ, ನೀವು ನೋಡಿ ಬರೆದಿಡಿ” ಎಂದರು. ನಾವು ಮಾತು ಕೊಟ್ಟದ್ದು ಆಗಲೇ.

ಮರುದಿನ ಅಟ್ಟದಿಂದ ಹಳೆಯ ಉರುಳೆಯನ್ನು ಇಳಿಸಿ ನೋಡಿದರೆ ಹಿಡಿಕೆ ಮುರಿದಿತ್ತು. ದಪ್ಪ ಕಬ್ಬಿಣದ ಬಾಣಲೆಯೇ ಗತಿಯಾಯಿತು. ಮೊದಲ ಕೊಯ್ಲಿನ, ಚೆನ್ನಾಗಿ ಒಣಗಿದ ಪಾರ್ಚ್‌ಮೆಂಟನ್ನು ಸೊಸೆಯವರು ಒರಳಿನಲ್ಲಿ ಮೆಲ್ಲಗೆ ಕುಟ್ಟಿ, ಸಿಪ್ಪೆ ಹಾರುವಂತೆ ಮೊರದಲ್ಲಿ ಕೇರಿದರು. ನಸುಹಸಿರು ಬಣ್ಣದ ಬೀಜ ಉಳಿಯಿತು. ಅದರಲ್ಲಿ ಕಪ್ಪಾದುದನ್ನೂ ಒಡೆದುದನ್ನೂ ಹುಳು ಕೊರೆದುದನ್ನೂ ತಾಯಿಯವರು ಬೆರಳಿನಿಂದಲೇ ಮುಟ್ಟಿ ಆರಿಸಿ ತೆಗೆದರು. ಒಂದು ಕೆಟ್ಟ ಬೀಜ ಇಡೀ ಹುರಿಯನ್ನು ಕೆಡಿಸುತ್ತದೆಂದು ಅವರ ಮತ. ಕಾಲು ಕಿಲೋಗಿಂತ ಹೆಚ್ಚು ಹಾಕಲು ಬಿಡಲಿಲ್ಲ. ಬಾಣಲೆಯಲ್ಲಿ ಬೀಜ ರಾಶಿಯಾದರೆ ಸಮನಾಗಿ ಹುರಿಯಲಾಗದು.

ಸಟ್ಟುಗ ನಮ್ಮ ಕೈಗೆ ಬಂತು. ಒಲೆಯ ಬಳಿ ಮಣೆ ಹಾಕಿಸಿಕೊಂಡು ಅವರು ಕುಳಿತರು. ಉರಿ ಮಧ್ಯಮವಾಗಿರಬೇಕು, ಕೈ ನಿಲ್ಲಬಾರದು. ಅವರು ಮೊದಲಲ್ಲಿ ಹೇಳಿದ್ದು ಇಷ್ಟೇ. ಸ್ವಲ್ಪ ಹೊತ್ತಿಗೆ ಬೀಜದ ಹಸಿರು ಅಳಿದು ಹಳದಿ ತಿರುಗಿತು, ಒಣಹುಲ್ಲಿನಂತಹ ವಾಸನೆ ಬಂತು. “ಇನ್ನೂ ನೀರು ಹೋಗ್ತಾ ಇದೆ” ಎಂದರು. ಆಮೇಲೆ ಕಂದು ಬಣ್ಣವೇರಿ ಕಡಲೆಕಾಯಿ ಹುರಿದಂತಹ ವಾಸನೆ. ನಾವು ಬಣ್ಣವನ್ನು ನೋಡಿ, ಸಾಕೇನೋ ಎಂದು ಕೇಳಿದೆವು. ಅವರು ತಲೆಯಲ್ಲಾಡಿಸಿದರು. ಅಷ್ಟರಲ್ಲಿ ಬೀಜಗಳು ಚಟ್ ಚಟ್ ಎಂದು ಸಿಡಿಯತೊಡಗಿದವು. ತಾಯಿಯವರು ಕಿವಿಗೊಟ್ಟು ಕುಳಿತರು. ಸಿಡಿತ ಜೋರಾಗಿ, ಮತ್ತೆ ವಿರಳವಾಗಿ, ನಿಂತೇಹೋಯಿತೆನ್ನುವಾಗ ಇನ್ನೂ ತುಸು ಹೊತ್ತು ಬಿಟ್ಟು, “ಈಗ ಇಳಿಸಿ, ಬೇಗ!” ಎಂದರು. ಗಡಿಯಾರದಲ್ಲಿ ಹದಿನಾಲ್ಕು ನಿಮಿಷವಾಗಿತ್ತು.

ಈ ಸಿಡಿತದ ಮರ್ಮವನ್ನು ನಾವು ಬಳಿಕ ಓದಿ ತಿಳಿದೆವು. ಬೀಜದೊಳಗಿನ ತೇವ ಆವಿಯಾಗಿ, ಅನಿಲವೂ ಸೇರಿ, ಒತ್ತಡ ತಾಳಲಾರದೆ ಬೀಜ ಬಿರಿಯುತ್ತದೆ. ಆಗ ಅದರ ಉಷ್ಣತೆ 200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಇನ್ನೂ ಕಾಯಿಸಿದರೆ ಎರಡನೆಯ ಸಿಡಿತ, ಮೊದಲನೆಯದಕ್ಕಿಂತ ಸಣ್ಣ ಸದ್ದಿನದು. ಅದನ್ನೂ ದಾಟಿ ಬಹಳ ಹೊತ್ತು ಬಿಟ್ಟರೆ ಎಣ್ಣೆ ಹೊರಬಂದು ಬೀಜ ಹೊಳೆಯುತ್ತದೆ. ಸುಟ್ಟ ಕಹಿಯೇ ಮುಂದಾಗುತ್ತದೆ. ಮೊದಲ ಸಿಡಿತ ಮುಗಿದು ಎರಡನೆಯದು ಆರಂಭವಾಗುವ ಮೊದಲು ಇಳಿಸುವುದು ಮಧ್ಯಮ ಹುರಿ. ಕಣ್ಣು ಕಾಣದ ಆ ತಾಯಿ ಹಿಡಿದದ್ದು ಸರಿಯಾಗಿ ಆ ಹೊತ್ತನ್ನೇ. ಕಾಫಿಯ ಮೂಲನೆಲವಾದ ಇಥಿಯೋಪಿಯಾದಲ್ಲಿ ಮನೆಗೆ ಬಂದವರ ಎದುರಿನಲ್ಲಿಯೇ ಗೃಹಿಣಿ ಬೀಜ ಹುರಿದು, ಆ ಹೊಗೆಯ ಪರಿಮಳವನ್ನು ಮೊದಲು ಅವರಿಗೆ ತೋರಿಸಿ, ಆಮೇಲೆ ಕುಟ್ಟಿ ಕುದಿಸಿ ಮೂರು ಸುತ್ತು ಬಡಿಸುವ ಸಂಪ್ರದಾಯವುಂಟು. ಬಾಬಾ ಬುಡನ್ ಅವರು ಏಳು ಬೀಜಗಳನ್ನು ಅರಬ್ ನಾಡಿನಿಂದ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ 17ನೆಯ ಶತಮಾನದ ಐತಿಹ್ಯವನ್ನು ನಾವೆಲ್ಲರೂ ಬಲ್ಲೆವು. ಬೀಜ ಬಂತು, ತೋಟವಾಯಿತು, ಆ ಗಿರಿಯ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಹುರಿಯುವ ಒಲೆ ಮಾತ್ರ ನಮ್ಮ ಮನೆಗಳಲ್ಲಿ ಆರುತ್ತಿದೆ.

ಇಳಿಸಿದ ಬೀಜವನ್ನು ಬಾಣಲೆಯಲ್ಲಿ ಬಿಡಬಾರದು. ಬಾಣಲೆಯ ಕಾವಿಗೇ ಅದು ಇನ್ನೂ ಹುರಿಯುತ್ತದೆ. ಕೂಡಲೇ ಮೊರಕ್ಕೆ ಸುರಿದು, ಗಾಳಿಯಲ್ಲಿ ಕೇರಿ, ತೆಳುಪೊರೆಯನ್ನು ಹಾರಿಸಿ ತಣಿಸಿದೆವು. ತೂಗಿದರೆ ಕಾಲು ಕಿಲೋ ಹೋಗಿ 210 ಗ್ರಾಮು ಉಳಿದಿತ್ತು. ಗೃಹಿಣಿಯರು ಇದನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಹುರಿದಾಗ ನೂರಕ್ಕೆ 15ರಿಂದ 20ರಷ್ಟು ತೂಕ ಇಳಿಯುವುದು ಸಹಜ.

ಆಗಲೇ ಕಾಫಿ ಮಾಡುವರೆಂದು ನಾವು ಲೋಟದ ದಾರಿ ನೋಡಿದೆವು. ತಾಯಿಯವರು ಒಪ್ಪಲಿಲ್ಲ. “ಇವತ್ತು ಅದು ಉಸಿರಾಡ್ಲಿ.” ಇದೂ ನಿಜವೇ. ಹೊಸದಾಗಿ ಹುರಿದ ಬೀಜ ಇಂಗಾಲಾಮ್ಲವನ್ನು ಹೊರಬಿಡುತ್ತಿರುತ್ತದೆ. ಅರ್ಧ ದಿನ, ಒಂದು ದಿನ ಕಳೆದರೆ ರುಚಿ ನೆಲೆಗೊಳ್ಳುತ್ತದೆ. ಆಮೇಲೆ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟರೆ ಎರಡು ವಾರ ಅದರ ಸೊಗಸು ನಿಲ್ಲುತ್ತದೆ. ಪುಡಿ ಮಾಡಿದರೆ ಹಾಗಲ್ಲ. ಗಾಳಿ ಸೋಕುವ ಮೈ ಹೆಚ್ಚಾದುದರಿಂದ ಪರಿಮಳ ಬಲು ಬೇಗ ಇಳಿದುಹೋಗುತ್ತದೆ. ತಿಂಗಳುಗಟ್ಟಲೆ ಅಂಗಡಿಯಲ್ಲಿದ್ದ ಪುಡಿಯಲ್ಲಿ ಬಣ್ಣವೂ ಕಹಿಯೂ ಉಳಿದಾವು. ಕಾಫಿ ಎಲ್ಲಿದೆ ಎಂದು ಆ ತಾಯಿ ಕೇಳಿದ್ದು ಈ ಅರ್ಥದಲ್ಲಿ.

ಅಂದೇ ಹೊರಡಬೇಕಾಗಿದ್ದ ನಾವು ಒಂದು ಲೋಟ ಕಾಫಿಗಾಗಿ ಪಯಣವನ್ನು ಮುಂದೂಡಿದೆವೆಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇವೆ.

ಬೆಳಿಗ್ಗೆ ಆ ದಿನಕ್ಕೆ ಬೇಕಾದಷ್ಟೇ ಬೀಜವನ್ನು ಚಿರೋಟಿ ರವೆಯ ಹದಕ್ಕೆ ಪುಡಿಮಾಡಿ, ಹಿತ್ತಾಳೆಯ ಫಿಲ್ಟರಿನಲ್ಲಿ ಹಗುರವಾಗಿ ಒತ್ತಿ, ಕುದಿದು ಇಳಿಸಿದ ನೀರನ್ನು ಸುತ್ತ ಸುರಿದು ಮುಚ್ಚಿಟ್ಟರು. ಅವಸರ ಮಾಡಿ ತಟ್ಟುವುದು, ಡಿಕಾಕ್ಷನ್ನನ್ನು ಮತ್ತೆ ಒಲೆಯ ಮೇಲಿಟ್ಟು ಕುದಿಸುವುದು, ಎರಡೂ ನಿಷಿದ್ಧ. ಕಾದ ಹಾಲು, ತುಸು ಬೆಲ್ಲ. ತಾಯಿಯವರು ಲೋಟವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ಮೂಗಿನ ಬಳಿಯೇ ಇಟ್ಟುಕೊಂಡಿದ್ದರು. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಕುಡಿದು ಲೋಟ ಕೆಳಗಿಟ್ಟು, “ಬಲಗಡೆ ಕೈ ನಿಂತಿತ್ತು ಶಾಸ್ತ್ರಿಗಳೇ, ನಾಲ್ಕು ಬೀಜ ಹೊತ್ತಿದೆ” ಎಂದರು. ಆಮೇಲೆ ಇನ್ನೂ ಅರ್ಧ ಲೋಟ ಕೇಳಿ ಹಾಕಿಸಿಕೊಂಡರು.

ಇಷ್ಟು ಹೇಳಿದ ಮೇಲೆ ಪರಿಮಳದ ಪುಡಿಗಳ ವಿಷಯದಲ್ಲಿ ಒಂದೆರಡು ಮಾತು. ಹೇಜಲ್‌ನಟ್, ವೆನಿಲಾ ಮುಂತಾದ ಹೆಸರಿನಲ್ಲಿ ಬರುವ ಕಾಫಿಗೆ ಸಾಮಾನ್ಯವಾಗಿ ಹುರಿದಾದ ಮೇಲೆ ಸುಗಂಧದ್ರವವನ್ನು ಸವರುತ್ತಾರೆ. ಅದನ್ನು ಕುಡಿಯುವುದು ದೋಷವೆಂದು ನಾವು ಹೇಳುವುದಿಲ್ಲ. ಮಕ್ಕಳಿಗೆ ಹಿಡಿಸಿದರೆ ಕುಡಿಯಲಿ. ಆದರೆ ಹಳಸಿದ ಬೀಜವನ್ನು ಮರೆಮಾಡಲು ಬಲವಾದ ಸುಗಂಧಕ್ಕಿಂತ ಸುಲಭದ ಉಪಾಯವಿಲ್ಲವೆಂಬುದನ್ನು ಕೊಳ್ಳುವವರು ನೆನಪಿಡಬೇಕು. ಪರಿಮಳ ಬೇಕೆಂದವರಿಗೆ ನಮ್ಮ ಅಡುಗೆಮನೆಯಲ್ಲಿ ಏಲಕ್ಕಿ ಇದೆ. ಅರಬರು ತಮ್ಮ ಕಾಫಿಗೆ ಹಾಕುವುದೂ ಅದನ್ನೇ. ಬೀಜದೊಂದಿಗೆ ಒಂದೆರಡು ಏಲಕ್ಕಿಕಾಳು ಸೇರಿಸಿ ಪುಡಿಮಾಡಿದರೆ ಸಾಕು. ಮಳೆಗಾಲದಲ್ಲಿ ಚೂರು ಒಣಶುಂಠಿ, ಬೆಲ್ಲದ ಕಾಫಿಗೆ ಬಲು ಹಿತ.

ಚಿಕೋರಿಯ ಬಗೆಗೂ ಜನ ಕೇಳುತ್ತಾರೆ. ಅದು ಒಂದು ಗಿಡದ ಬೇರು, ಹುರಿದು ಪುಡಿಮಾಡಿದ್ದು. ಡಿಕಾಕ್ಷನ್ನಿಗೆ ಬಣ್ಣವನ್ನೂ ಮಂದತ್ವವನ್ನೂ ಕೊಡುತ್ತದೆ, ಕಾಫಿಯ ಗುಣ ಅದರಲ್ಲಿಲ್ಲ. ನೂರಕ್ಕೆ 49ರವರೆಗೆ ಬೆರೆಸಲು ಕಾನೂನು ಅವಕಾಶ ಕೊಟ್ಟಿದೆ, ಪೊಟ್ಟಣದ ಮೇಲೆ ಪ್ರಮಾಣವನ್ನು ನಮೂದಿಸಬೇಕು. ಸಣ್ಣಕ್ಷರದಲ್ಲಿರುವ ಆ ಅಂಕಿಯನ್ನು ಓದಿ ಕೊಳ್ಳಿರಿ. ರೂಢಿಯಾದವರು ಒಮ್ಮೆಲೇ ಬಿಡುವುದು ಕಷ್ಟ, ನೂರಕ್ಕೆ ಹತ್ತರಷ್ಟಿದ್ದರೆ ಬಾಧೆಯಿಲ್ಲವೆಂದು ನಮ್ಮ ಅಭಿಪ್ರಾಯ.

ಊರಿಗೆ ಮರಳುವಾಗ ಭಕ್ತರು ಒಂದು ಕಿಲೋ ಹಸಿಬೀಜ ಕಟ್ಟಿಕೊಟ್ಟರು. ಎಲ್ಲ ಬಲ್ಲೆವೆಂಬ ಗರ್ವದಿಂದ ಮಾರನೆಯ ದಿನವೇ ಒಲೆ ಹಚ್ಚಿದೆವು. ಉರಿ ಜೋರಾಯಿತು, ಬಾಣಲೆ ತೆಳುವಾಗಿತ್ತು, ನಡುವೆ ಯಾರೋ ಬಾಗಿಲಿಗೆ ಬಂದರೆಂದು ಎದ್ದುಹೋದೆವು. ಮರಳಿ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಹೊಗೆ. ಬೀಜ ಹೊರಗೆ ಇದ್ದಿಲು, ಒಡೆದು ನೋಡಿದರೆ ಒಳಗೆ ಹಸಿ. ಪಕ್ಕದ ಮನೆಯವರು ಓಡಿಬಂದರು. ನಮ್ಮ ಮನೆಯವರು ಕಿಟಕಿಗಳನ್ನು ತೆರೆದರು, ಬಾಯಿ ತೆರೆಯಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಆದುದರಿಂದ ಹೊಸಬರು ನೂರು ಗ್ರಾಮಿನಿಂದ ಆರಂಭಿಸಲಿ, ಕಿಟಕಿ ತೆರೆದಿರಲಿ, ಬಾಗಿಲು ಯಾರು ತಟ್ಟಿದರೂ ಸಟ್ಟುಗ ಬಿಡದಿರಲಿ. ಮೂರನೆಯ ಸಲಕ್ಕೆ ನಮಗೂ ಹದ ಸಿಕ್ಕಿತು.

ಈ ಬರಹ ಮುಗಿಯುವ ಹೊತ್ತಿಗೆ ಸಕಲೇಶಪುರದಿಂದ ಆ ಮನೆಯ ಸೊಸೆಯವರ ದೂರವಾಣಿ ಬಂತು. ಉರುಳೆಗೆ ಕಮ್ಮಾರರಿಂದ ಹೊಸ ಹಿಡಿಕೆ ಹಾಕಿಸಿದ್ದಾರಂತೆ. ವಾರಕ್ಕೊಮ್ಮೆ ಹುರಿಯುತ್ತಾರೆ, ಅತ್ತೆಯವರು ಮಣೆಯ ಮೇಲೆ ಕುಳಿತು ಕಿವಿಗೊಡುತ್ತಾರೆ. ಈ ಸಲ ಹತ್ತು ಕಿಲೋ ಮನೆಗೆಂದು ತೆಗೆದಿಟ್ಟೇ ಲಾರಿ ತುಂಬಿದರಂತೆ. ಮಾತು ಮುಗಿಸುವ ಮುನ್ನ, “ಶಾಸ್ತ್ರಿಗಳ ಮನೆ ಬಾಣಲೆ ಬೆಳಗಿ ಆಯ್ತಾ ಅಂತ ಅತ್ತೆ ಕೇಳ್ತಿದ್ದಾರೆ” ಎಂದರು.

ಇನ್ನೂ ಆಗಿಲ್ಲ.