ಶುಲ್ಕದ ನೆರವು ಮತ್ತು ಮುಂಬಯಿ ಕನ್ನಡಿಗರು

ಹಗಲು ಹೋಟೆಲುಗಳಲ್ಲಿ ದುಡಿದ ಹುಡುಗರನ್ನು ಕನ್ನಡ ರಾತ್ರಿ ಶಾಲೆಗಳು ವಕೀಲರನ್ನಾಗಿ, ಪ್ರಾಧ್ಯಾಪಕರನ್ನಾಗಿ ಮಾಡಿದ ಕಥೆ ಮುಂಬಯಿಯ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಇಂದು ಅದೇ ವರ್ಗದ ಮಕ್ಕಳನ್ನು ತಡೆಯುತ್ತಿರುವುದು ಕಾಲೇಜಿನ ಶುಲ್ಕ. ಅದರ ಚರ್ಚೆ ಮಾತ್ರ ವಿರಳ.

ಮಹಾರಾಷ್ಟ್ರದ ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶುಲ್ಕ ಯೋಜನೆಯು ವರ್ಷಕ್ಕೆ 8 ಲಕ್ಷ ರೂಪಾಯಿಯವರೆಗೆ ವರಮಾನವುಳ್ಳ ಕುಟುಂಬಗಳ ಮಕ್ಕಳಿಗೆ ವೃತ್ತಿಶಿಕ್ಷಣದ ಬೋಧನಾ ಶುಲ್ಕದ ಅರ್ಧವನ್ನು ಭರಿಸುತ್ತದೆ. 2024ರಲ್ಲಿ ಆರ್ಥಿಕವಾಗಿ ದುರ್ಬಲರಾದ ಹಾಗೂ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಯರ ಪೂರ್ಣ ಶುಲ್ಕವನ್ನೇ ಭರಿಸಲು ಸರಕಾರ ನಿರ್ಧರಿಸಿತು. ಹೊರನಾಡ ಕನ್ನಡಿಗರಿಗೆ ಇದರ ಮಹತ್ವ ಇನ್ನೂ ಹೆಚ್ಚು. ಕರ್ನಾಟಕದ ಜಾತಿ ಪ್ರಮಾಣಪತ್ರ ಇಲ್ಲಿನ ಮೀಸಲಾತಿಗೆ ಸಲ್ಲದು. ಅಂಥವರಿಗೆ ವರಮಾನವನ್ನು ಆಧರಿಸಿದ ನೆರವೇ ಉಳಿದ ದಾರಿ. ಆದರೆ ಅದಕ್ಕೆ ಅಧಿವಾಸ ಪತ್ರ ಬೇಕು, ತಹಶೀಲ್ದಾರರ ಆದಾಯಪತ್ರ ಬೇಕು. ಸಂಬಳದ ಚೀಟಿಯನ್ನೇ ಕಾಣದ ಹೋಟೆಲ್ ಕಾರ್ಮಿಕ ಅದನ್ನು ಸುಲಭವಾಗಿ ತಂದಾನೆ?

ಸಂಘಗಳ ವಿದ್ಯಾರ್ಥಿವೇತನವಾದರೋ ಬಹುಮಟ್ಟಿಗೆ ಅಂಕಪಟ್ಟಿಯನ್ನು ನೋಡಿ ಕೊಡುವಂಥದು. ಶೇಕಡಾ 90 ಗಳಿಸಿದ ಉದ್ಯಮಿಯ ಮಗ ವೇದಿಕೆಯೇರಿ ಶಾಲು ಹೊದೆಯುತ್ತಾನೆ. ಸಂಜೆ ಕ್ಯಾಂಟೀನಿನಲ್ಲಿ ದುಡಿದು ಶೇಕಡಾ 60 ಪಡೆದವನ ಹೆಸರು ಪಟ್ಟಿಗೇ ಬರುವುದಿಲ್ಲ. ಪ್ರತಿಭೆಗೆ ಪುರಸ್ಕಾರ ಬೇಡವೆಂದಲ್ಲ, ಅದನ್ನು ನೆರವೆಂದು ಕರೆಯಬಾರದು. ಆ ನಿಧಿಯ ಒಂದು ಪಾಲನ್ನು ಪ್ರವೇಶದ ಹೊತ್ತಿಗೇ, ಉಳಿದರ್ಧ ಶುಲ್ಕ ಕಟ್ಟಲು ಕೊಡಬೇಕು. ಪ್ರಮಾಣಪತ್ರಗಳ ಓಡಾಟಕ್ಕೆ ನೆರವಾಗಲು ತಿಳಿದವರೊಬ್ಬರನ್ನು ಸಂಘದ ಕಚೇರಿಯಲ್ಲಿ ಕೂರಿಸಬೇಕು. ಶಾಲು, ಹಾರಗಳ ಖರ್ಚಿನಲ್ಲೇ ಇದರಲ್ಲೊಂದಿಷ್ಟು ಹೊರಟೀತು.