ಕಣ್ಣು ಅಲುಗಿದರೆ ಯೋಗ್ಯತೆ ಅಲುಗುವುದೇ?

ಹಿಡಕಲ್ ಜಲಾಶಯದ ನೀರು ಹರಿದಲ್ಲೆಲ್ಲ ಕಬ್ಬು, ಗೋವಿನಜೋಳ. ಗೋಕಾಕ, ಹುಕ್ಕೇರಿ, ಮೂಡಲಗಿ ಕಡೆಯ ಹುಡುಗರಿಗೆ ನೌಕರಿ ಸಿಗದಿದ್ದರೆ ಮನೆಯವರದ್ದು ಒಂದೇ ಮಾತು: 'ಹೊಲಾ ಐತಲ್ಲ, ದುಡಿ.' ಆದರೆ ಬಿಸಿಲಿಗೆ ನಿಲ್ಲಲಾಗದವರು ಏನು ಮಾಡಬೇಕು?

ಆಲ್ಬಿನಿಸಂ ಇರುವ ಯುವಜನರ ಪ್ರಶ್ನೆ ಇದು. ಚರ್ಮ, ಕೂದಲು, ಕಣ್ಣಿಗೆ ಬಣ್ಣ ಕೊಡುವ ಮೆಲನಿನ್ ಹುಟ್ಟಿನಿಂದಲೇ ಇಲ್ಲದಿರುವುದು ಅಥವಾ ತೀರಾ ಕಡಿಮೆ ಇರುವುದು ಇದಕ್ಕೆ ಕಾರಣ. ಇದು ತೊನ್ನಲ್ಲ, ಅಂಟುರೋಗವಲ್ಲ, ಶಾಪವಂತೂ ಅಲ್ಲ. ಚರ್ಮ ಬೇಗ ಸುಡುತ್ತದೆ, ಚರ್ಮದ ಕ್ಯಾನ್ಸರ್ ಭಯವೂ ಹೆಚ್ಚು. ದೃಷ್ಟಿ ಮಂದ, ಹಲವರ ಕಣ್ಣುಗುಡ್ಡೆ ತಾನಾಗಿಯೇ ಅತ್ತಿತ್ತ ಅಲುಗುತ್ತದೆ. ಇವರಿಗೆ ನೆರಳಿನ ನೌಕರಿ ಸುಖದ ಮಾತಲ್ಲ, ಜೀವದ ಮಾತು.

ನಾನು ಖಾಸಗಿ ಕಂಪನಿಯೊಂದರ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದೇನೆ. ಸಂದರ್ಶನದಲ್ಲಿ 'ಆತ್ಮವಿಶ್ವಾಸ'ಕ್ಕೂ ಅಂಕಗಳಿರುತ್ತವೆ. ಕಣ್ಣಲ್ಲಿ ಕಣ್ಣಿಟ್ಟು ಮಾತನಾಡದವರಿಗೆ ಅಲ್ಲಿ ಕಡಿತ. ಕಿಟಕಿಯ ಬೆಳಕು ಮುಖಕ್ಕೆ ಹೊಡೆಯುವಂತೆ ಕೂರಿಸಿ, ಸಣ್ಣಕ್ಷರದ ಪ್ರಶ್ನೆಪತ್ರಿಕೆ ಕೊಟ್ಟು, 'ಚುರುಕಿಲ್ಲ' ಎಂದು ಬರೆದರೆ ನಾವು ಅಳೆದದ್ದು ಕಣ್ಣನ್ನು, ಯೋಗ್ಯತೆಯನ್ನಲ್ಲ. ಕುರ್ಚಿ ತಿರುಗಿಸಲು, ಅಕ್ಷರ ದೊಡ್ಡದು ಮಾಡಲು ಹೆಚ್ಚು ಖರ್ಚಿಲ್ಲ. ಪರದೆ ಹಿಗ್ಗಿಸುವ ಸೌಲಭ್ಯ ಪ್ರತಿ ಕಂಪ್ಯೂಟರಿನಲ್ಲೂ ಉಚಿತವಾಗಿದೆ.

ಅದಕ್ಕೇ ನನ್ನ ವಾದ: ಇವರಿಗಾಗಿ ದುಡಿಯುವ ಸಂಸ್ಥೆಗಳ ಮುಂದಾಳತ್ವಕ್ಕೆ ನೇಮಕಾತಿಯ ಒಳಹೊರಗು ಬಲ್ಲವರು ಬರಬೇಕು. ಟೋಪಿ, ಸನ್‌ಸ್ಕ್ರೀನ್ ಹಂಚುವುದು ಬೇಕು. ಆದರೆ ಅಷ್ಟರಿಂದ ಸಂಬಳ ಬರುವುದಿಲ್ಲ. ಸ್ವತಃ ಆಲ್ಬಿನಿಸಂ ಇರುವ ಕೆನಡಾದ ಉದ್ಯಮಿ ಪೀಟರ್ ಆ್ಯಶ್ 2008ರಲ್ಲಿ 'ಅಂಡರ್ ದ ಸೇಮ್ ಸನ್' ಕಟ್ಟಿ, ತಾಂಜಾನಿಯಾದ ಮಕ್ಕಳ ಓದಿಗೆ ನಿಂತರು. ನಮ್ಮಲ್ಲೂ ದಾರಿ ತೋರಿದವರಿದ್ದಾರೆ. ತಮ್ಮ ದೃಷ್ಟಿ ಕಳೆದುಕೊಂಡದ್ದನ್ನು ಕಂಡ ಎಂಜಿನಿಯರ್ ಶಾಂತಿ ರಾಘವನ್ 1999ರಲ್ಲಿ ಬೆಂಗಳೂರಿನಲ್ಲಿ 'ಎನೇಬಲ್ ಇಂಡಿಯಾ' ಆರಂಭಿಸಿ, ಅಂಗವಿಕಲರ ಉದ್ಯೋಗವನ್ನೇ ಗುರಿಯಾಗಿಸಿಕೊಂಡರು. ನಮ್ಮದೇ ಬೆಳಗಾವಿ ಜಿಲ್ಲೆಯ ಅಂಧ ಸಾಧಕ ಮಹಾಂತೇಶ ಕಿವಡಸಣ್ಣವರ 1997ರಲ್ಲಿ 'ಸಮರ್ಥನಂ' ಕಟ್ಟಿದರು.

ಕಾನೂನೂ ಜೊತೆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಲ್ಬಿನಿಸಂ ಹೆಸರಿಲ್ಲ, ಆದರೆ ದೃಷ್ಟಿಮಾಂದ್ಯವಿದೆ. ಆದ್ದರಿಂದ ಪ್ರಮಾಣಪತ್ರಕ್ಕೆ ಕಣ್ಣಿನ ತಪಾಸಣೆ ಮಾಡಿಸಬೇಕು. ವೈಕಲ್ಯ ಶೇ 40 ಅಥವಾ ಹೆಚ್ಚಿದ್ದರೆ ಸರ್ಕಾರಿ ನೌಕರಿಯ ಶೇ 4ರ ಮೀಸಲಾತಿಯಲ್ಲಿ ಅಂಧರು ಮತ್ತು ದೃಷ್ಟಿಮಾಂದ್ಯರಿಗಿರುವ ಶೇ 1ರ ಪಾಲಿಗೆ ಅರ್ಹತೆ ಸಿಗುತ್ತದೆ. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿ ಪ್ರಕಟಿಸಬೇಕೆಂದು ಇದೇ ಕಾಯ್ದೆ ಹೇಳುತ್ತದೆ.

ಎಂಬಿಎ, ಎಂಎಸ್‌ಡಬ್ಲ್ಯು ಓದುತ್ತಿರುವ ಗೆಳೆಯರೇ, ನಾಳೆ ಮೇಜಿನ ಆಚೆ ಕೂರುವವರು ನೀವು. ಎದುರಿಗಿರುವವರ ಕಣ್ಣು ನೋಡಿ ತೀರ್ಪು ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: 'ನಿಮಗೆ ಇಲ್ಲಿ ಸರಿಯಾಗಿ ಕಾಣುತ್ತಿದೆಯೇ?'